ಅಂಚಿನಲ್ಲಿ ನಿಂತವನು

(ಬಾನುಲಿ ಭಾಷಣದ ಬರಹರೂಪ)

ಬಾನುಲಿಯಲ್ಲಿ ಮಾತನಾಡಲು ಕರೆ ಬಂದಿದೆಯೆಂದು ತಿಳಿಸಿದಾಗ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. ನಗುವುದಕ್ಕೆ ಕಾರಣವಿತ್ತು. ಕೆಲವು ವರ್ಷಗಳಿಂದ ನನ್ನ ಕಿವಿ ಮಂದವಾಗುತ್ತ ಬಂದಿದೆ. ಬಲಗಿವಿ ಇನ್ನೂ ಒಂದಿಷ್ಟು ಕೆಲಸ ಮಾಡುತ್ತದೆ. ಎಡಗಿವಿ ಹೆಸರಿಗೆ ಮಾತ್ರ ಉಳಿದಿದೆ. ಈ ಮಾತುಗಳು ಪ್ರಸಾರವಾಗುವ ಹೊತ್ತಿನಲ್ಲಿ ನೀವೆಲ್ಲ ಕೇಳುತ್ತಿರುವಿರಿ. ಆಡಿದ ನಾನು ಮಾತ್ರ ರೇಡಿಯೋವನ್ನು ತೊಡೆಯ ಮೇಲೆ ಇಟ್ಟುಕೊಂಡರೂ ಅರ್ಧವನ್ನಷ್ಟೇ ಕೇಳಿಯೇನು.

ಅಧ್ಯಾಪಕನದು ನಾಲಗೆಯ ವೃತ್ತಿಯೆಂದು ಜನ ತಿಳಿಯುತ್ತಾರೆ. ಅದು ನಾಲಗೆಗಿಂತ ಹೆಚ್ಚಾಗಿ ಕಿವಿಯ ವೃತ್ತಿ ಎಂಬುದು ಕಿವಿ ಕೈಕೊಟ್ಟ ಮೇಲೆಯೇ ನನಗೆ ಅರಿವಾದದ್ದು. ನಿವೃತ್ತಿಗೆ ಒಂದು ವರ್ಷವಿದ್ದಾಗ ಪಂಪಭಾರತದ ತರಗತಿಯಲ್ಲಿ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಪ್ರಶ್ನೆಯೊಂದನ್ನು ಕೇಳಿದಳು. ಆಕೆ ಕೇಳಿದ್ದು ಕರ್ಣನನ್ನು ಕುರಿತು. ನನಗೆ ಕೇಳಿಸಿದ್ದು ವರ್ಣನೆ ಎಂದು. ನಾನು ಹತ್ತು ನಿಮಿಷಗಳ ಕಾಲ ಅಷ್ಟಾದಶ ವರ್ಣನೆಗಳನ್ನು ಒಂದೊಂದಾಗಿ ವಿವರಿಸಿದೆ. ಆಕೆ ತಲೆದೂಗಿ ಕುಳಿತಳು. ಪಾಠ ಮುಗಿದ ಮೇಲೆ ಸಹೋದ್ಯೋಗಿಯೊಬ್ಬರಿಂದ ವಿಷಯ ತಿಳಿಯಿತು. ಕರ್ಣವೆಂದರೆ ಕಿವಿಯೂ ಹೌದಷ್ಟೆ! ಆ ಶ್ಲೇಷೆಗೆ ನಾನೂ ನಕ್ಕೆ. ಆದರೆ ತರಗತಿಯಲ್ಲಿ ಒಬ್ಬರೂ ನಗಲಿಲ್ಲವೆಂಬುದು ನನ್ನನ್ನು ಬಹುಕಾಲ ಕಾಡಿತು. ನಕ್ಕಿದ್ದರೆ ಸಹಿಸಬಹುದಾಗಿತ್ತು, ಮಕ್ಕಳ ಕರುಣೆಯನ್ನು ಸಹಿಸುವುದು ಕಷ್ಟ. ನಿವೃತ್ತನಾದ ಮೇಲೆ ಸಭೆ ಸಮಾರಂಭಗಳಿಗೆ ಹೋಗುವುದನ್ನು ನಿಲ್ಲಿಸಿಬಿಟ್ಟೆ.

ಅದಾದ ಮೇಲೆ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋದಾಗ, ನನ್ನ ಅಳಿಯಂದಿರು ಒಂದು ಸಂಜೆ ಹೈಬರಿ ಎಂಬ ಬಡಾವಣೆಗೆ ಕರೆದುಕೊಂಡು ಹೋದರು. ಆರ್ಸೆನಲ್ ಎಂಬ ಹೆಸರಾಂತ ಕಾಲ್ಚೆಂಡಿನ ಸಂಘ 1913ರಿಂದ 2006ರವರೆಗೆ ಆಡಿದ ಕ್ರೀಡಾಂಗಣ ಅಲ್ಲಿತ್ತು. ಈಗ ಅಲ್ಲಿ ಆಟವಿಲ್ಲ. ಪ್ರೇಕ್ಷಕರು ಕೂರುತ್ತಿದ್ದ ಕಟ್ಟಡಗಳು ಇದ್ದ ಕಡೆ ವಸತಿಗೃಹಗಳಾಗಿವೆ. ನಡುವಿನ ಆಟದ ಬಯಲು ಅಲ್ಲಿ ವಾಸಿಸುವವರ ಉದ್ಯಾನವಾಗಿದೆ. ನನ್ನ ಅಳಿಯಂದಿರು ಕಾಲ್ಚೆಂಡಿನ ಭಕ್ತರು. ನನಗೆ ಕೇಳಿಸದೆಂದು ಒಂದು ಚೀಟಿಯ ಮೇಲೆ ಬರೆದು ತೋರಿಸಿದರು: “ಮಾವ, ಇಲ್ಲಿ ಆಡಿದ ಮಹಾ ಆಟಗಾರನೊಬ್ಬನಿಗೂ ಕಿವಿ ಕೇಳಿಸುತ್ತಿರಲಿಲ್ಲ.” ಕೆಳಗೆ ಒಂದು ಹೆಸರಿತ್ತು: ಕ್ಲಿಫ್ ಬ್ಯಾಸ್ಟಿನ್.

ಆ ಹೆಸರಿನ ಬೆನ್ನು ಹತ್ತಿ ನಾನು ಓದಿದ್ದನ್ನು, ಓದುತ್ತ ಯೋಚಿಸಿದ್ದನ್ನು ಇಂದು ತಮ್ಮ ಮುಂದಿಡುತ್ತಿದ್ದೇನೆ. ಕ್ರೀಡೆಯಲ್ಲಿ ನನಗೆ ಪಾಂಡಿತ್ಯವಿಲ್ಲ. ಬಲ್ಲವರು ಮನ್ನಿಸಬೇಕು.

ಕ್ಲಿಫ್ ಬ್ಯಾಸ್ಟಿನ್ ಹುಟ್ಟಿದ್ದು 1912ರ ಮಾರ್ಚ್ 14ರಂದು, ಇಂಗ್ಲೆಂಡಿನ ನೈಋತ್ಯ ಭಾಗದ ಎಕ್ಸಿಟರ್ ಎಂಬ ಊರಿನಲ್ಲಿ. ಹದಿನಾರರ ಹರೆಯದಲ್ಲೇ ಊರಿನ ಎಕ್ಸಿಟರ್ ಸಿಟಿ ಸಂಘದ ಪರವಾಗಿ ಆಡತೊಡಗಿದ. ಅದು ಲೀಗಿನ ಮೂರನೆಯ ದರ್ಜೆಯಲ್ಲಿದ್ದ ಸಾಮಾನ್ಯ ಸಂಘ. ಆರ್ಸೆನಲ್ಲಿನ ವ್ಯವಸ್ಥಾಪಕನಾಗಿದ್ದ ಹರ್ಬರ್ಟ್ ಚಾಪ್‌ಮನ್ ಒಮ್ಮೆ ಈ ಸಂಘದ ಪಂದ್ಯವನ್ನು ನೋಡಲು ಬಂದ. ಆತ ಬಂದದ್ದು ಎದುರಾಳಿ ವಾಟ್‌ಫರ್ಡ್ ತಂಡದ ಆಟಗಾರನೊಬ್ಬನನ್ನು ಪರೀಕ್ಷಿಸುವುದಕ್ಕಾಗಿ. ಅಕ್ಕನನ್ನು ನೋಡಲು ಹೋದವರು ತಂಗಿಯನ್ನು ಒಪ್ಪಿಕೊಂಡು ಬಂದ ಹಾಗೆ, ಆತನ ಕಣ್ಣು ಎಕ್ಸಿಟರಿನ ಈ ಹುಡುಗನ ಮೇಲೆ ನಿಂತಿತು. 1929ರಲ್ಲಿ 2,000 ಪೌಂಡುಗಳನ್ನು ತೆತ್ತು ಆತನನ್ನು ಲಂಡನ್ನಿಗೆ ಕರೆತಂದ. ಹುಡುಗನಿಗೆ ಆಗ ಹದಿನೇಳು ವರ್ಷ. ತನ್ನೂರಿನಲ್ಲಿ ಆಡಿದ್ದು ಕೇವಲ 17 ಲೀಗ್ ಪಂದ್ಯ. ಹೊಡೆದದ್ದು 6 ಗೋಲು.

ಎಕ್ಸಿಟರಿನಲ್ಲಿ ಆತ ಆಡುತ್ತಿದ್ದದ್ದು ಮುಂಚೂಣಿಯ ಒಳಭಾಗದಲ್ಲಿ. ಚಾಪ್‌ಮನ್ ಆತನನ್ನು ಎಡ ಅಂಚಿಗೆ ಕಳುಹಿಸಿದ. ಇಲ್ಲಿ ವಿಂಗರ್ ಎಂದರೆ ಯಾರು ಎಂಬುದನ್ನು ತುಸು ವಿವರಿಸಬೇಕು. ಅಂದಿನ ಕಾಲ್ಚೆಂಡಿನಲ್ಲಿ ಮುಂದಣ ಸಾಲಿನಲ್ಲಿ ಐವರು. ನಡುವಿನವನು ಸೆಂಟರ್ ಫಾರ್ವರ್ಡ್. ಗೋಲು ಹೊಡೆಯುವುದು ಅವನ ಧರ್ಮ. ಅವನ ಎರಡು ಪಕ್ಕಗಳಲ್ಲಿ ಇಬ್ಬರು. ಇನ್ನಿಬ್ಬರು ಕಣದ ಎರಡು ಅಂಚುಗಳಲ್ಲಿ, ಸುಣ್ಣದ ಗೆರೆಗೆ ಹೊಂದಿಕೊಂಡಂತೆ ನಿಲ್ಲುತ್ತಿದ್ದರು. ಇವರೇ ವಿಂಗರುಗಳು. ಚೆಂಡು ಸಿಕ್ಕೊಡನೆ ಗೆರೆಗುಂಟ ಓಡುವುದು, ಮೂಲೆಯ ಬಾವುಟದವರೆಗೆ ಹೋಗುವುದು, ಅಲ್ಲಿಂದ ಚೆಂಡನ್ನು ಗೋಲಿನ ಮುಂದಕ್ಕೆ ತೇಲಿಸುವುದು: ಇಷ್ಟಕ್ಕೆ ಅವರ ಕೆಲಸ ಮುಗಿಯಿತು. ಅದನ್ನು ಗೋಲಾಗಿಸುವವನು ಬೇರೆ. ಮದುವೆಯ ಮನೆಯಲ್ಲಿ ಬಡಿಸುವವನಂತೆ ವಿಂಗರ್. ಪಂಕ್ತಿಯ ಉದ್ದಕ್ಕೂ ಓಡಾಡುವವನು ಅವನೇ. ಉಣ್ಣುವವರು ಮಾತ್ರ ಬೇರೆಯವರು. ಬ್ಯಾಸ್ಟಿನ್ನನ ವಿಶೇಷವೇನೆಂದರೆ, ಆತ ಬಡಿಸಿದ್ದೂ ಉಂಟು, ಪಂಕ್ತಿಯಲ್ಲಿ ಕುಳಿತು ಹೊಟ್ಟೆತುಂಬ ಉಂಡದ್ದೂ ಉಂಟು.

ಇದು ಹೇಗೆ ಸಾಧ್ಯವಾಯಿತು? ಇದಕ್ಕೆ ಉತ್ತರ ಬೇಕಾದರೆ ನಾವು 1925ಕ್ಕೆ ಹೋಗಬೇಕು. ಆ ವರ್ಷ ಕಾಲ್ಚೆಂಡಿನ ಒಂದು ನಿಯಮ ಬದಲಾಯಿತು. ಆಫ್‌ಸೈಡ್ ಎಂಬ ಆ ನಿಯಮ ಮೊದಲು ಹೀಗಿತ್ತು: ಮುಂದಿರುವ ಆಟಗಾರನಿಗೆ ಚೆಂಡನ್ನು ಕಳುಹಿಸುವ ಕ್ಷಣದಲ್ಲಿ ಅವನಿಗೂ ಎದುರಾಳಿಯ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಕನಿಷ್ಠ ಮೂವರಿರಬೇಕು. ಇಲ್ಲವಾದರೆ ತಪ್ಪು. ಜಾಣ ರಕ್ಷಕರು ಒಂದೆರಡು ಹೆಜ್ಜೆ ಮುಂದೆ ಸರಿದು ದಾಳಿಗಾರರನ್ನು ಸುಲಭವಾಗಿ ಈ ಬಲೆಗೆ ಕೆಡವುತ್ತಿದ್ದರು. ಆಟ ಸೊರಗಿತು. ಅದಕ್ಕಾಗಿ ಮೂವರೆಂಬುದನ್ನು ಇಬ್ಬರೆಂದು ತಿದ್ದಿದರು. ಒಂದು ಅಂಕಿಯ ತಿದ್ದುಪಡಿ! ಪರಿಣಾಮವನ್ನು ನೋಡಿ: ಇಂಗ್ಲೆಂಡಿನ ಮೊದಲ ದರ್ಜೆಯ ಲೀಗಿನಲ್ಲಿ 1924-25ರಲ್ಲಿ ಒಟ್ಟು 1,192 ಗೋಲುಗಳಾಗಿದ್ದರೆ, ಮರುವರ್ಷ 1,703 ಆದವು. ಛಂದಸ್ಸಿನಲ್ಲಿ ಒಂದು ಮಾತ್ರೆ ಬದಲಾದರೆ ಇಡೀ ಪದ್ಯದ ನಡಿಗೆಯೇ ಬೇರೆಯಾಗುವುದನ್ನು ನಾವು ಬಲ್ಲೆವು, ಇದೂ ಹಾಗೆಯೇ.

ಅದೇ 1925ರಲ್ಲಿ ಚಾಪ್‌ಮನ್ ಆರ್ಸೆನಲ್ಲಿಗೆ ಬಂದಿದ್ದ. ಅಕ್ಟೋಬರ್ ತಿಂಗಳಲ್ಲಿ ಅವನ ತಂಡ ನ್ಯೂಕ್ಯಾಸಲ್ ತಂಡದೆದುರು 7-0 ಅಂತರದಿಂದ ಸೋತಿತು. ಆ ಸೋಲಿನ ಬಳಿಕ, ತಂಡದ ಹಿರಿಯ ಆಟಗಾರ ಚಾರ್ಲಿ ಬುಕನ್‌ನ ಒತ್ತಾಯದಂತೆ ಒಂದು ಹೊಸ ವ್ಯೂಹ ಸಿದ್ಧವಾಯಿತು. ಅಂಗಣದ ನಡುವೆ ಆಡುತ್ತಿದ್ದ ಸೆಂಟರ್ ಹಾಫ್ ಎಂಬವನನ್ನು ಹಿಂದಕ್ಕೆ ಕರೆದು, ಎದುರಾಳಿಯ ಸೆಂಟರ್ ಫಾರ್ವರ್ಡನ್ನು ಕಾಯಲು ನಿಲ್ಲಿಸಿದರು. ಅವನು ತೆರವು ಮಾಡಿದ ನಡುವಣ ಜಾಗವನ್ನು ತುಂಬಲು ಮುಂದಣ ಸಾಲಿನವರು ಹಿಂದಕ್ಕೆ ಸರಿಯಬೇಕಾಯಿತು. ಈ ಕ್ರಮ ಪೂರ್ಣವಾಗಿ ರೂಪುಗೊಂಡ ಮೇಲೆ, ಮೇಲಿನಿಂದ ನೋಡಿದರೆ ಮುಂದಿನ ಐವರು ಇಂಗ್ಲಿಷಿನ ಡಬ್ಲ್ಯು ಅಕ್ಷರದಂತೆಯೂ ಹಿಂದಿನ ಐವರು ಎಂ ಅಕ್ಷರದಂತೆಯೂ ಕಾಣುತ್ತಿದ್ದರು. ಹೀಗಾಗಿ ಈ ವ್ಯೂಹಕ್ಕೆ ಡಬ್ಲ್ಯು-ಎಂ ಎಂಬ ಹೆಸರೇ ನಿಂತಿತು.

ಡಬ್ಲ್ಯು ಅಕ್ಷರದ ಕೆಳತುದಿಗಳಲ್ಲೊಂದರಲ್ಲಿ ಅಲೆಕ್ಸ್ ಜೇಮ್ಸ್ ಎಂಬ ಗಿಡ್ಡ ಸ್ಕಾಟಿಷ್ ಆಟಗಾರನಿದ್ದ. ಬ್ಯಾಸ್ಟಿನ್ ಬಂದ 1929ರಲ್ಲೇ ಅವನೂ ಆರ್ಸೆನಲ್ಲಿಗೆ ಬಂದದ್ದು. ಬೆಲೆ 8,750 ಪೌಂಡು. ಮೊಣಕಾಲನ್ನು ಮುಚ್ಚುವಂಥ ದೊಗಳೆ ಚಡ್ಡಿಯನ್ನು ಧರಿಸಿ ಆಡುತ್ತಿದ್ದ ಈತ ಗೋಲು ಹೊಡೆಯುವ ಆಸೆಯನ್ನು ಬಿಟ್ಟು, ಹಿಂದೆ ನಿಂತು ಚೆಂಡನ್ನು ಹಂಚುವ ಕೆಲಸವನ್ನು ಕೈಗೆತ್ತಿಕೊಂಡ. ಹಿಂದಿನಿಂದ ಬಂದ ಚೆಂಡು ಇವನ ಕಾಲಿಗೆ ಸಿಗುವುದೇ ತಡ, ಎದುರಾಳಿಗಳು ತಿರುಗಿ ನೋಡುವುದರೊಳಗೆ ಎಡ ಅಂಚಿನಲ್ಲಿ ಬ್ಯಾಸ್ಟಿನ್ನನಿಗೋ ಬಲ ಅಂಚಿನಲ್ಲಿ ಜೋ ಹ್ಯೂಮನಿಗೋ ತಲುಪಿರುತ್ತಿತ್ತು.

ಚೆಂಡು ತಲುಪಿದ ಮೇಲೆ ಬ್ಯಾಸ್ಟಿನ್ ಏನು ಮಾಡುತ್ತಿದ್ದ? ಹಳೆಯ ವಿಂಗರಿನಂತೆ ಮೂಲೆಯ ಬಾವುಟಕ್ಕೆ ಓಡಿಹೋಗುತ್ತಿರಲಿಲ್ಲ. ಓರೆಯಾಗಿ ಗೋಲಿನ ಕಡೆಗೇ ನುಗ್ಗುತ್ತಿದ್ದ. ರಕ್ಷಕರ ಕಣ್ಣೆಲ್ಲ ನಡುವಿನ ಸೆಂಟರ್ ಫಾರ್ವರ್ಡಿನ ಮೇಲೆ. ಅಂಚಿನಿಂದ, ಒಂದು ಕ್ಷಣ ತಡವಾಗಿ, ಯಾರೂ ಎಣಿಸದ ಕೋನದಿಂದ ಬರುವವನನ್ನು ತಡೆಯುವವರು ಯಾರು? ಬಲ ಅಂಚಿನಿಂದ ಹ್ಯೂಮ್ ಚೆಂಡನ್ನು ಕಳುಹಿಸಿದಾಗಲೂ ಅಷ್ಟೆ; ಅದು ಎಲ್ಲರನ್ನೂ ದಾಟಿ ಬಂದ ಕಡೆ ಬ್ಯಾಸ್ಟಿನ್ ಇರುತ್ತಿದ್ದ. ಆತನ ಓಟಕ್ಕಿಂತ ಕಾಯುವಿಕೆ ದೊಡ್ಡದು. ಗೋಲಿನೆದುರು ಇತರರು ಗಾಬರಿಯಾಗುವಲ್ಲಿ ಆತ ತಣ್ಣಗಿರುತ್ತಿದ್ದ. ಈ ಸಮಚಿತ್ತವಿದ್ದುದರಿಂದಲೇ ಪೆನಾಲ್ಟಿ ಹೊಡೆಯುವ ಹೊಣೆಯೂ ಆತನದಾಯಿತು. ಜನ ಪ್ರೀತಿಯಿಂದ ‘ಬಾಯ್ ಬ್ಯಾಸ್ಟಿನ್’ ಎಂದು ಕರೆದರು; ಆಟ ಮಾತ್ರ ಹುಡುಗಾಟವಾಗಿರಲಿಲ್ಲ.

ಮಾತಿಗಿಂತ ಅಂಕಿಗಳು ಇದನ್ನು ಚೆನ್ನಾಗಿ ಹೇಳುತ್ತವೆ. 1932-33ರ ಋತುವಿನಲ್ಲಿ ಆರ್ಸೆನಲ್ 42 ಲೀಗ್ ಪಂದ್ಯಗಳಲ್ಲಿ 118 ಗೋಲುಗಳನ್ನು ಹೊಡೆದು ಅಗ್ರಸ್ಥಾನ ಪಡೆಯಿತು. ಅವುಗಳಲ್ಲಿ ಬ್ಯಾಸ್ಟಿನ್ನನವು 33, ಹ್ಯೂಮನವು 20. ಅಂದರೆ ಬಡಿಸುವ ಇಬ್ಬರೇ ಸೇರಿ 53! ಇಪ್ಪತ್ತೊಂದರ ಹರೆಯದ ವಿಂಗರ್ ಒಬ್ಬ ಒಂದೇ ಋತುವಿನಲ್ಲಿ 33 ಲೀಗ್ ಗೋಲುಗಳನ್ನು ಗಳಿಸುವುದೆಂದರೆ ಹುಡುಗಾಟವೆ? ಆದರೆ ಅದೇ ಋತುವಿನಲ್ಲಿ, 1933ರ ಜನವರಿ 14ರಂದು, ಎಫ್.ಎ. ಕಪ್ಪಿನ ಪಂದ್ಯದಲ್ಲಿ ಇದೇ ಆರ್ಸೆನಲ್ ಮೂರನೆಯ ದರ್ಜೆಯ ವಾಲ್ಸಾಲ್ ಎಂಬ ಪುಟ್ಟ ಸಂಘಕ್ಕೆ 2-0ಯಿಂದ ಸೋತಿತು. ಬ್ಯಾಸ್ಟಿನ್ ಆ ದಿನ ಕಣದಲ್ಲಿದ್ದ. ದೊಡ್ಡವರ ಚರಿತ್ರೆಯಲ್ಲಿ ಇಂಥ ದಿನವೂ ಇರುತ್ತದೆಂಬುದನ್ನು ಮರೆಯಬಾರದು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಆತ ತಾನು ಹೊಡೆಯದೆ ಹೊಡೆಸಿದ ಒಂದು ಗೋಲು. 1930ರ ಏಪ್ರಿಲ್ 26ರಂದು ವೆಂಬ್ಲಿಯಲ್ಲಿ ಎಫ್.ಎ. ಕಪ್ಪಿನ ಅಂತಿಮ ಪಂದ್ಯ. ಎದುರಾಳಿ ಹಡರ್ಸ್‌ಫೀಲ್ಡ್. ಬ್ಯಾಸ್ಟಿನ್ನನಿಗೆ ಹದಿನೆಂಟು ತುಂಬಿ ಒಂದೂವರೆ ತಿಂಗಳು. ಜರ್ಮನಿಯ ಗ್ರಾಫ್ ಜೆಪ್ಪೆಲಿನ್ ಎಂಬ ಬೃಹತ್ ವಾಯುನೌಕೆ ಅಂದು ಕ್ರೀಡಾಂಗಣದ ಮೇಲೆ ಹಾದುಹೋಯಿತು. ಪಂದ್ಯ ಮೊದಲಾಗಿ ಕಾಲು ಗಂಟೆ ಕಳೆದಿರಬಹುದು, ಜೇಮ್ಸ್‌ನನ್ನು ಎದುರಾಳಿಯೊಬ್ಬ ಬೀಳಿಸಿದ. ಫ್ರೀ ಕಿಕ್ ದೊರೆಯಿತು. ಇಂಥ ಸಂದರ್ಭದಲ್ಲಿ ಆಟಗಾರರು ನಿಧಾನವಾಗಿ ತಮ್ಮ ತಮ್ಮ ಸ್ಥಾನಗಳಿಗೆ ಮರಳುವುದು ವಾಡಿಕೆ. ಜೇಮ್ಸ್ ಹಾಗೆ ಕಾಯದೆ, ತೀರ್ಪುಗಾರನತ್ತ ಒಮ್ಮೆ ನೋಡಿ ಅನುಮತಿ ಪಡೆದು, ಚೆಂಡನ್ನು ಎಡ ಅಂಚಿನ ಬ್ಯಾಸ್ಟಿನ್ನನಿಗೆ ಒದ್ದ. ಬ್ಯಾಸ್ಟಿನ್ ಅದನ್ನು ಹಿಡಿದು, ರಕ್ಷಕನನ್ನು ತನ್ನೆಡೆಗೆ ಎಳೆದುಕೊಂಡು, ಮುಂದೋಡಿ ಬಂದ ಜೇಮ್ಸ್‌ನಿಗೇ ಹಿಂದಿರುಗಿಸಿದ. ಗೋಲು! ಕೊನೆಗೆ ಜ್ಯಾಕ್ ಲ್ಯಾಂಬರ್ಟ್ ಇನ್ನೊಂದನ್ನು ಸೇರಿಸಿ 2-0ಯಿಂದ ಗೆದ್ದರು. ಆರ್ಸೆನಲ್ಲಿಗೆ ದೊರೆತ ಮೊದಲ ದೊಡ್ಡ ಪ್ರಶಸ್ತಿ ಅದು. ಕೂಗಿಲ್ಲ, ಕರೆಯಿಲ್ಲ, ಒಂದು ಕಣ್ಸನ್ನೆ ಮಾತ್ರ. ನಮ್ಮ ಆಲಂಕಾರಿಕರು ಧ್ವನಿ ಎಂದು ಕರೆದದ್ದು ಕಿವಿಗೆ ಕೇಳಿಸುವ ಶಬ್ದವನ್ನಲ್ಲ, ಶಬ್ದದಾಚೆಗೆ ಹೊಳೆಯುವುದನ್ನು. ಆ ಗೋಲಿನಲ್ಲಿ ನನಗೆ ಅಂಥ ಧ್ವನಿಯೊಂದು ಕಾಣುತ್ತದೆ.

ಮರುವರ್ಷ ಲೀಗ್ ಪ್ರಶಸ್ತಿ. 1931ರ ನವೆಂಬರಿನಲ್ಲಿ ವೇಲ್ಸ್ ದೇಶದೆದುರು ಇಂಗ್ಲೆಂಡಿನ ಪರವಾಗಿ ಮೊದಲ ಪಂದ್ಯ. ಅಂದಿನ ಇಂಗ್ಲಿಷ್ ಆಟಗಾರನೊಬ್ಬ ಬಯಸಬಹುದಾದ ಮೂರು ಗೌರವಗಳೂ ಹತ್ತೊಂಬತ್ತು ತುಂಬಿದವನಿಗೆ ಸಂದಿದ್ದವು. 1933, 1934, 1935 ಮತ್ತು 1938ರಲ್ಲಿ ಮತ್ತೆ ಲೀಗ್ ಪ್ರಶಸ್ತಿ. 1936ರಲ್ಲಿ ಮತ್ತೊಮ್ಮೆ ಕಪ್. 1934ರ ಜನವರಿಯಲ್ಲಿ ಚಾಪ್‌ಮನ್ ನ್ಯುಮೋನಿಯಾದಿಂದ ಹಠಾತ್ತನೆ ತೀರಿಕೊಂಡ. ಆತ ಕಟ್ಟಿದ ತಂಡ ನಿಲ್ಲಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ವಿಶ್ವ ವಿಜೇತರಾದ ಇಟಲಿಯವರನ್ನು ಇಂಗ್ಲೆಂಡ್ 3-2ರಿಂದ ಸೋಲಿಸಿದಾಗ, ಹನ್ನೊಂದು ಆಟಗಾರರಲ್ಲಿ ಏಳು ಮಂದಿ ಆರ್ಸೆನಲ್ಲಿನವರು. ಬ್ಯಾಸ್ಟಿನ್ ಅವರಲ್ಲೊಬ್ಬ.

ಇನ್ನು ಕಿವಿಯ ಮಾತು. ಕಾಲ್ಚೆಂಡಿನ ಆಟದಲ್ಲಿ ಕಿವಿಗೇನು ಕೆಲಸವೆಂದು ಕೇಳಬಹುದು. ಕೆಲಸ ಬಹಳವಿದೆ. ಬೆನ್ನ ಹಿಂದಿನಿಂದ ಎದುರಾಳಿ ಬರುತ್ತಿದ್ದಾನೆಂದು ಜೊತೆಗಾರ ಕೂಗಿ ಎಚ್ಚರಿಸುತ್ತಾನೆ. ಚೆಂಡನ್ನು ಬಿಡು, ನನಗಿದೆ ಎಂದು ಗೋಲ್‌ಕೀಪರ್ ಕೂಗುತ್ತಾನೆ. ತೀರ್ಪುಗಾರ ಸೀಟಿ ಊದುತ್ತಾನೆ. ಆಟಗಾರ ಕಣ್ಣಿಟ್ಟಿರುವುದು ಚೆಂಡಿನ ಮೇಲೆ. ಕಣ್ಣಿಗೆ ಬೀಳದ ಅರ್ಧ ಅಂಗಣವನ್ನು ಅವನಿಗೆ ತಿಳಿಸುವುದು ಕಿವಿ. ಬ್ಯಾಸ್ಟಿನ್ನನ ಕಿವುಡುತನ ಕ್ರಮೇಣ ಹೆಚ್ಚುತ್ತ ಹೋಯಿತು. 1939ರಲ್ಲಿ ಯುದ್ಧ ಆರಂಭವಾದಾಗ ಸೈನ್ಯದ ಶ್ರವಣ ಪರೀಕ್ಷೆಯಲ್ಲಿ ತೇರ್ಗಡೆಯಾಗದಷ್ಟು ಅದು ಬಲಿತಿತ್ತು.

ಇಲ್ಲಿ ನನಗೆ ಹೊಳೆದ ಒಂದು ವಿಚಾರವನ್ನು ಹೇಳುತ್ತೇನೆ. ನಡುವಣದಲ್ಲಿ ಆಡುವವನಿಗೆ ಎದುರಾಳಿ ನಾಲ್ಕು ದಿಕ್ಕುಗಳಿಂದಲೂ ಬರಬಹುದು. ಅಂಚಿನವನಿಗೆ ಹಾಗಲ್ಲ. ಅವನ ಒಂದು ಮಗ್ಗುಲಲ್ಲಿ ಸುಣ್ಣದ ಗೆರೆ; ಅದರಾಚೆಯಿಂದ ಯಾರೂ ಬರುವಂತಿಲ್ಲ. ಗೆರೆಗೆ ಬೆನ್ನು ಕೊಟ್ಟು ನಿಂತರೆ ಇಡೀ ಆಟ ಕಣ್ಣೆದುರಿಗೇ ಹರಡಿಕೊಳ್ಳುತ್ತದೆ. ಚಾಪ್‌ಮನ್ ಈ ಕಾರಣಕ್ಕಾಗಿ ಆತನನ್ನು ಅಲ್ಲಿ ನಿಲ್ಲಿಸಿದನೆಂದು ನಾನು ಹೇಳುವುದಿಲ್ಲ. ಆತ ನಿಲ್ಲಿಸಿದ್ದು ಹುಡುಗನ ತಣ್ಣನೆಯ ಬುದ್ಧಿಯನ್ನು ಕಂಡು. ಆದರೂ ಕಿವಿಯ ಸಹಾಯ ಕಡಿಮೆಯಾಗುತ್ತಿದ್ದವನಿಗೆ ಆ ಸ್ಥಾನ ಒಂದು ಆಸರೆಯಾಗಿರಬೇಕೆಂದು ನನಗನಿಸುತ್ತದೆ. 1936-37ರಲ್ಲಿ ತಂಡದ ಅಗತ್ಯಕ್ಕಾಗಿ ಬಲಗಡೆಯ ಹಾಫ್ ಸ್ಥಾನದಲ್ಲಿ, ಎಂದರೆ ಗದ್ದಲದ ನಡುವಿನಲ್ಲಿ, ಆತ ಆಡಬೇಕಾಯಿತು. ಆದರೆ ಆತನ ಹೆಸರು ಉಳಿದದ್ದು ಎಡ ಅಂಚಿನ ಆಟದಿಂದ. ಮುಂದಿನ ಋತುವಿನಲ್ಲಿ ಮತ್ತೆ ಅಲ್ಲಿಗೆ ಮರಳಿದ. ಆರ್ಸೆನಲ್ ಮತ್ತೆ ಲೀಗ್ ಗೆದ್ದಿತು.

ಆ ಋತುವಿನ ಕೊನೆಯಲ್ಲಿ ನಡೆದುದನ್ನು ಮುಚ್ಚಿಡುವುದು ಸರಿಯಲ್ಲ. 1938ರ ಮೇ 14ರಂದು ಇಂಗ್ಲೆಂಡ್ ತಂಡ ಬರ್ಲಿನ್ನಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಜರ್ಮನಿಯೆದುರು ಆಡಿತು. ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿ ಎರಡು ತಿಂಗಳಾಗಿತ್ತು. ಜರ್ಮನಿಯ ರಾಷ್ಟ್ರಗೀತೆಯ ವೇಳೆಗೆ ಇಂಗ್ಲಿಷ್ ಆಟಗಾರರೂ ಕೈಚಾಚಿ ನಾಜಿ ವಂದನೆ ಸಲ್ಲಿಸಬೇಕೆಂದು ಮೇಲಿನವರಿಂದ ಆಜ್ಞೆಯಾಯಿತು. ಅವರು ಸಲ್ಲಿಸಿದರು. ಬ್ಯಾಸ್ಟಿನ್ನನೂ ಕೈ ಎತ್ತಿದ. ಆಮೇಲೆ, ಲಕ್ಷ ಜನರೆದುರು, ಇಂಗ್ಲೆಂಡಿನ ಮೊದಲ ಗೋಲನ್ನು ಆತನೇ ಹೊಡೆದ. ಇಂಗ್ಲೆಂಡ್ 6-3ರಿಂದ ಗೆದ್ದಿತು. ಆ ಗೆಲುವು ಆ ವಂದನೆಯನ್ನು ಅಳಿಸಲಿಲ್ಲ. ಇಂದಿಗೂ ಜನ ನೆನೆಯುವುದು ಗೋಲುಗಳನ್ನಲ್ಲ, ಆ ಛಾಯಾಚಿತ್ರವನ್ನು. ಕೇಳಲೇಬೇಕಾದ್ದನ್ನು ಕೇಳಿಸಿಕೊಳ್ಳದಿರುವುದು ಕಿವುಡರ ದೋಷ ಮಾತ್ರವಲ್ಲ. ಆ ದಿನ ಎರಡು ಕಿವಿ ನೆಟ್ಟಗಿದ್ದ ದೊಡ್ಡ ದೊಡ್ಡ ಅಧಿಕಾರಿಗಳಿಗೂ ಕಾಲದ ಹೆಜ್ಜೆಯ ಸಪ್ಪಳ ಕೇಳಿಸಿರಲಿಲ್ಲ.

ಹನ್ನೆರಡು ದಿನಗಳ ಬಳಿಕ ಪ್ಯಾರಿಸಿನಲ್ಲಿ ಫ್ರಾನ್ಸ್‌ ದೇಶದೆದುರು ಆಡಿದ್ದೇ ಆತನ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು. ಒಟ್ಟು 21 ಪಂದ್ಯ, 12 ಗೋಲು. ಆಗಿನ್ನೂ ಇಪ್ಪತ್ತಾರು ವರ್ಷ. ಮುಂದಿನ ಋತುವಿನಲ್ಲಿ ಕಾಲಿನ ಗಾಯ ಕಾಡಿತು. 1939ರ ಸೆಪ್ಟೆಂಬರಿನಲ್ಲಿ ಹೊಸ ಋತು ಮೂರೇ ಪಂದ್ಯಗಳಿಗೆ ನಿಂತುಹೋಯಿತು. ಮಹಾಯುದ್ಧ ಬಂದಿತ್ತು.

ಸೈನ್ಯಕ್ಕೆ ಸಲ್ಲದ ಬ್ಯಾಸ್ಟಿನ್ ವಾಯುದಾಳಿಯ ಕಾವಲುಗಾರರ ದಳದಲ್ಲಿ ಸೇರಿದ. ನಾಗರಿಕ ರಕ್ಷಣೆಯ ಕೇಂದ್ರವಾಗಿದ್ದ ಹೈಬರಿಯ ಮಾಳಿಗೆಯ ಮೇಲೆಯೇ ಆತನ ಪಹರೆ. ಜೊತೆಗೆ ಜನರಿಗೆ ಧೈರ್ಯ ತುಂಬುವುದಕ್ಕಾಗಿ ಯುದ್ಧಕಾಲದ ಪಂದ್ಯಗಳಲ್ಲಿ ಆಡುತ್ತಿದ್ದ. 1941ರಲ್ಲಿ ಒಂದು ವಿಚಿತ್ರ ನಡೆಯಿತು. ಕ್ರೀಟ್ ದ್ವೀಪದ ಕದನದಲ್ಲಿ ಇಂಗ್ಲೆಂಡಿನ ಖ್ಯಾತ ಆಟಗಾರ ಬ್ಯಾಸ್ಟಿನ್ ಸೆರೆಸಿಕ್ಕಿದ್ದಾನೆ, ಇಟಲಿಯಲ್ಲಿ ಬಂಧಿಯಾಗಿದ್ದಾನೆ ಎಂದು ಇಟಲಿಯ ಬಾನುಲಿ ಸಾರಿತು. ಆತನಾದರೋ ಲಂಡನ್ನಿನಲ್ಲಿದ್ದ! ಕಿವಿ ಕೇಳಿಸದವನನ್ನು ಯಾವ ಸೈನ್ಯವೂ ಯುದ್ಧಕ್ಕೆ ಕಳುಹಿಸಿರಲಿಲ್ಲವೆಂಬುದು ಆ ಸುದ್ದಿ ಹೆಣೆದವರಿಗೆ ಗೊತ್ತಿರಲಿಲ್ಲ. ಬಾನುಲಿಯ ಬಾಯಿಂದ ಬಂದದ್ದೆಲ್ಲ ನಿಜವಲ್ಲವೆಂದು ಬಾನುಲಿಯಲ್ಲೇ ಕುಳಿತು ಹೇಳುತ್ತಿದ್ದೇನೆ. ನಿಲಯದವರು ಕೋಪಿಸಿಕೊಳ್ಳಲಾರರೆಂದು ನಂಬಿದ್ದೇನೆ.

ಬಾನುಲಿಗೂ ಹೈಬರಿಗೂ ಇದಕ್ಕಿಂತ ಹಳೆಯ, ಇದಕ್ಕಿಂತ ಸತ್ಯವಾದ ನಂಟೊಂದಿದೆ. ಇಂಗ್ಲೆಂಡಿನ ಲೀಗ್ ಪಂದ್ಯವೊಂದರ ವೀಕ್ಷಕ ವಿವರಣೆಯನ್ನು ಬಿ.ಬಿ.ಸಿ. ಮೊತ್ತಮೊದಲು ಪ್ರಸಾರ ಮಾಡಿದ್ದು 1927ರ ಜನವರಿ 22ರಂದು, ಇದೇ ಅಂಗಣದಿಂದ. ಕೇಳುವವರಿಗೆ ಆಟ ಕಣ್ಣಿಗೆ ಕಟ್ಟಲೆಂದು ಅಂಗಣದ ಚಿತ್ರವನ್ನು ಚೌಕಗಳಾಗಿ ವಿಂಗಡಿಸಿ, ಅಂಕಿಗಳನ್ನು ಕೊಟ್ಟು, ಪತ್ರಿಕೆಯಲ್ಲಿ ಮೊದಲೇ ಮುದ್ರಿಸಿದ್ದರು. ಚೆಂಡು ಎಷ್ಟನೆಯ ಚೌಕದಲ್ಲಿದೆಯೆಂದು ಒಬ್ಬರು ಹೇಳುತ್ತಿದ್ದರೆ, ಮನೆಯಲ್ಲಿ ಕುಳಿತವರು ಚಿತ್ರದ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಿದ್ದರು. ಅಲ್ಲಿ ಜನ ಕಿವಿಯಿಂದ ನೋಡಲು ಕಲಿತರು. ಕೆಲವೇ ವರ್ಷಗಳಲ್ಲಿ ಅದೇ ಬಯಲಿನ ಎಡ ಅಂಚಿನಲ್ಲಿ ನಿಂತ ಯುವಕನೊಬ್ಬ ಕಣ್ಣಿನಿಂದ ಕೇಳಲು ಕಲಿಯಬೇಕಾಯಿತು.

ಯುದ್ಧ ಮುಗಿದ ಮೇಲೆ ಬ್ಯಾಸ್ಟಿನ್ ಆರು ಲೀಗ್ ಪಂದ್ಯಗಳನ್ನಷ್ಟೇ ಆಡಿದ, ಗೋಲು ಬರಲಿಲ್ಲ. 1947ರ ಆರಂಭದಲ್ಲಿ ಆಟದಿಂದ ನಿವೃತ್ತನಾದ. ಆರ್ಸೆನಲ್ಲಿನ ಪರವಾಗಿ ಆತನ ಹೆಸರಿನಲ್ಲಿ ನಿಂತದ್ದು 178 ಗೋಲು. ಅಷ್ಟನ್ನೂ ಇಪ್ಪತ್ತೇಳು ತುಂಬಿದ ಋತುವಿನ ಕೊನೆಯೊಳಗೇ ಗಳಿಸಿದ್ದ. ಗಳಿಕೆಯ ಇನ್ನೊಂದು ಮುಖವನ್ನೂ ನೋಡಿ. ಅಂದಿನ ಇಂಗ್ಲೆಂಡಿನಲ್ಲಿ ಆಟಗಾರರ ಸಂಬಳಕ್ಕೆ ಮಿತಿಯಿತ್ತು. ಎಷ್ಟೇ ದೊಡ್ಡ ಆಟಗಾರನಾದರೂ ಋತುಮಾನದಲ್ಲಿ ವಾರಕ್ಕೆ 8 ಪೌಂಡಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಈ ಮಿತಿ ರದ್ದಾದದ್ದು 1961ರಲ್ಲಿ. ಹೀಗಾಗಿ ಬ್ಯಾಸ್ಟಿನ್ ತನ್ನೂರು ಎಕ್ಸಿಟರಿಗೆ ಮರಳಿ ಪಾನಗೃಹವೊಂದನ್ನು ನಡೆಸಿಕೊಂಡು ಬಾಳಿದ. 1991ರ ಡಿಸೆಂಬರ್ 4ರಂದು ಅಲ್ಲಿಯೇ ತೀರಿಕೊಂಡ. ಆರ್ಸೆನಲ್ಲಿನಲ್ಲಿ ಆತನ ಗೋಲುಗಳ ಲೆಕ್ಕವನ್ನು ದಾಟಲು ಐವತ್ತೆಂಟು ವರ್ಷ ಬೇಕಾಯಿತು. 1997ರಲ್ಲಿ ಇಯಾನ್ ರೈಟ್ ಅದನ್ನು ದಾಟಿದ. 2005ರಲ್ಲಿ ಥಿಯೆರಿ ಆನ್ರಿ ರೈಟ್‌ನನ್ನು ದಾಟಿದ. ಇಬ್ಬರೂ ಮುಂಚೂಣಿಯ ನಡುವಿನಲ್ಲಿ ನಿಂತು ಗೋಲು ಹೊಡೆಯುವುದನ್ನೇ ಧರ್ಮವಾಗಿಸಿಕೊಂಡವರು. ಅಂಚಿನವನಿಗೆ ಆ ಭಾಗ್ಯವಿರಲಿಲ್ಲವೆಂಬುದನ್ನು ನೆನೆದರೆ ಆತನ ಸಾಧನೆಯ ತೂಕ ತಿಳಿಯುತ್ತದೆ.

ಕಿವುಡುತನದಿಂದ ಆತ ದೊಡ್ಡ ಆಟಗಾರನಾದನೆಂದು ನಾನು ಹೇಳುತ್ತಿಲ್ಲ. ಅಂಥ ಮಾತು ಕಿವಿ ಕೇಳಿಸುವವರಿಗೆ ಹಿತವಾಗಿರುತ್ತದೆ. ಕೇಳಿಸದವರಿಗೆ ಗೊತ್ತು, ನಷ್ಟವೆಂಬುದು ನಷ್ಟವೇ. ಆತನ ಚರಿತ್ರೆಯಿಂದ ನಾನು ಕಲಿತದ್ದು ಬಹಳ ಚಿಕ್ಕ ಪಾಠ: ಎಲ್ಲಿ ನಿಲ್ಲಬೇಕೆಂಬುದನ್ನು ಅರಿತುಕೊಂಡರೆ, ಉಳಿದಿರುವುದರಿಂದಲೇ ಬಹಳಷ್ಟನ್ನು ಮಾಡಬಹುದು.

ಲಂಡನ್ನಿನಿಂದ ಮರಳಿದ ಮೇಲೆ ಎರಡು ಕೆಲಸಗಳನ್ನು ಮಾಡಿದೆ. ಮೊದಲನೆಯದಾಗಿ, ಆ ವಿದ್ಯಾರ್ಥಿನಿಯ ವಿಳಾಸವನ್ನು ಹುಡುಕಿ, ಕರ್ಣನನ್ನು ಕುರಿತು ಆಕೆ ಕೇಳಿದ್ದ ಪ್ರಶ್ನೆಗೆ ನಾಲ್ಕು ಪುಟಗಳ ಉತ್ತರ ಬರೆದು ಅಂಚೆಗೆ ಹಾಕಿದೆ. ಎರಡನೆಯದಾಗಿ, ಪ್ರತಿ ಭಾನುವಾರ ನಮ್ಮ ಮನೆಯ ನಡುಮನೆಯಲ್ಲಿ ಹಳಗನ್ನಡ ಓದುವ ಒಂದು ಸಣ್ಣ ಕೂಟವನ್ನು ಆರಂಭಿಸಿದೆ. ಏಳೆಂಟು ಮಂದಿ ಬರುತ್ತಾರೆ. ನಡುವಿನಲ್ಲಿ ಹಾಕಿದ್ದ ಕುರ್ಚಿಯನ್ನು ನಾನು ಎಡಗೋಡೆಗೆ ಸರಿಸಿದ್ದೇನೆ. ಕೇಳಿಸದ ಕಿವಿ ಗೋಡೆಯ ಕಡೆಗೆ. ಬಂದವರೆಲ್ಲ ಬಲಗಿವಿಯ ಕಡೆಗೆ, ಕಣ್ಣೆದುರಿಗೆ. ತುಟಿಯ ಚಲನೆಯನ್ನು ನೋಡುತ್ತೇನೆ. ತಿಳಿಯದಿದ್ದರೆ ತಿಳಿಯಲಿಲ್ಲ, ಬರೆದುಕೊಡಿ ಎಂದು ಕೇಳುತ್ತೇನೆ. ಅದನ್ನು ಕೇಳಲು ಈಗ ಸಂಕೋಚವಿಲ್ಲ.

ನಿಮ್ಮ ಮನೆಯಲ್ಲೂ ಕಿವಿ ಮಂದವಾದ ಹಿರಿಯರೊಬ್ಬರು ಇರಬಹುದು. ಹತ್ತು ಜನರ ನಡುವೆ ಕುಳಿತು ಸುಮ್ಮನೆ ನಗುತ್ತಿರಬಹುದು. ದಯವಿಟ್ಟು ಅವರ ಕುರ್ಚಿಯನ್ನು ತುಸು ಅಂಚಿಗೆ ಸರಿಸಿ, ಎಲ್ಲರ ಮುಖವೂ ಅವರಿಗೆ ಕಾಣುವಂತೆ ಮಾಡಿ.